ಹದಿನೇಳನೇ ನಂಬರಿನ ಲಕೋಟೆ

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಕೊರ್ಲಹಳ್ಳಿ ಶಾಲೆಯ ಏಳನೇ ತರಗತಿಯ ಮೂವತ್ತೊಂದು ಮಕ್ಕಳು, ಇಪ್ಪತ್ತೈದು ವರ್ಷದ ನಂತರ ತಾವು ಹೇಗಿರುತ್ತೇವೆ, ಜಗತ್ತು ಹೇಗಿರುತ್ತದೆ ಎಂದು ಬರೆದು ಒಂದು ತಗಡಿನ ಡಬ್ಬಿಗೆ ಹಾಕಿದೆವು. ಮೂವತ್ತು ಜನ ಬರೆದದ್ದು ಹೆಚ್ಚುಕಡಿಮೆ ಸುಳ್ಳಾಯಿತು. ಒಂದು ಮಾತ್ರ ಖರೆಯಾಯಿತು. ಆ ಒಂದನ್ನು ಬರೆದವನು ನಾನು. ಆದರೆ ಅದನ್ನು ಬರೆದದ್ದು ನನ್ನ ಹೆಸರಿನಲ್ಲಲ್ಲ.

ಇದು ಚನ್ನಬಸವಣ್ಣ ಮಾಸ್ತರರ ತಲೆಯಲ್ಲಿ ಹುಟ್ಟಿದ ಹುಚ್ಚು. ಹೊಸ ಸಾವಿರ ವರ್ಷ ಶುರುವಾಯಿತೆಂದು ಪತ್ರಿಕೆಗಳೆಲ್ಲ ಕುಣಿಯುತ್ತಿದ್ದ ಕಾಲ. ಮಾಸ್ತರರು ಖಾಕಿ ಕಾಗದ ಕತ್ತರಿಸಿ ಸಣ್ಣ ಲಕೋಟೆ ಮಾಡಿದರು, ಒಂದೊಂದರ ಮೇಲೂ ತಾವೇ ಹೆಸರು, ಹಾಜರಿ ನಂಬರು ಬರೆದರು. "ನಾ ಒಂದಕ್ಷರ ಓದೂದಿಲ್ಲ. ಇದು ನಿಮಗೂ ಎರಡು ಸಾವಿರದ ಇಪ್ಪತ್ತೈದಕ್ಕೂ ನಡುವಿನ ಮಾತು" ಎಂದರು. ಬರೆದ ಹಾಳೆ ಮಡಚಿ ಒಳಗಿಟ್ಟು ಅನ್ನದ ಅಗುಳಿನಿಂದ ಅಂಟಿಸಿದೆವು. ನಾನು ಕಲೆಕ್ಟರ್ ಆಗಿ ಜೀಪಿನಲ್ಲಿ ಊರಿಗೆ ಬರುತ್ತೇನೆಂದು ಬರೆದಿದ್ದೆ. ನಗಬೇಡಿ, ಎಲ್ಲರೂ ಅಂಥದ್ದನ್ನೇ ಬರೆದಿದ್ದರು.

ಅಂದು ಹದಿನೇಳನೇ ನಂಬರಿನವನು ಬಂದಿರಲಿಲ್ಲ. ಅವನು ಲೋಹಿತ, ನನ್ನ ಗೆಳೆಯ. ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮಾಸ್ತರರು ನನ್ನನ್ನು ಕರೆದು ಅವನ ಲಕೋಟೆ ಕೊಟ್ಟರು. "ನಿನ್ನ ಅಕ್ಷರ ದುಂಡಗ ಅದಾವ. ಅವನ ಮನಸ್ಸು ನಿನಗ ಗೊತ್ತೈತಿ. ಅವನ ಪರವಾಗಿ ನೀನ ಬರದುಬಿಡು" ಎಂದರು.

ಲೋಹಿತನ ಮನಸ್ಸು ನನಗೆ ಗೊತ್ತಿತ್ತು. ಆದರೆ ಆ ವಾರ ಅವನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ತುಂಗಭದ್ರೆಯಲ್ಲಿ ಈಜುವ ಪಂದ್ಯ ಕಟ್ಟಿ, ನಾನು ನಡುವಿನ ಉಸುಕಿನ ದಿಬ್ಬ ಮುಟ್ಟುವ ಮೊದಲೇ ಅವನು ಹೋಗಿ ಬಂದು, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಮುಂದೆ "ನಿನಗ ಹೊಳಿ ಅಲ್ಲಲೇ, ದನ ನೀರ ಕುಡಿಯೂ ಬಾನಿ ಸಾಕು" ಎಂದಿದ್ದ. ಅವರೆಲ್ಲ ನಕ್ಕಿದ್ದರು. ಆವತ್ತಿನಿಂದ ನಾನು ಅವನೊಂದಿಗೆ ಮಾತು ಬಿಟ್ಟಿದ್ದೆ. ಅವನು ಎರಡು ಸಲ ಮಾತಾಡಿಸಲು ಬಂದಿದ್ದ, ನಾನು ಮುಖ ತಿರುಗಿಸಿದ್ದೆ. ಹಾಗಾಗಿ ಅವನ ಹೆಸರಿನಲ್ಲಿ ಮೂರು ಸಾಲು ಬರೆದೆ: ನಾನು ಲೋಹಿತ. ಇಪ್ಪತ್ತೈದು ವರ್ಷದ ಮೇಲೆ ನಾನು ಇರುವುದಿಲ್ಲ. ಬಹಳ ಈಜು ಬರುತ್ತದೆಂದು ಸೊಕ್ಕು ಮಾಡಿ ಹೊಳೆಯ ಪಾಲಾಗಿರುತ್ತೇನೆ.

ಮಾಸ್ತರರು ಕಿಟಕಿಯ ಹತ್ತಿರ ನಿಂತಿದ್ದರು. ಲಕೋಟೆ ಅಂಟಿಸಿ ಕೊಟ್ಟೆ. ಹೊರಗೆ ಬಂದಾಗ ಓಣಿಯ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು.

ಆ ಹೊತ್ತಿನ ಬಗ್ಗೆ ನಮ್ಮಜ್ಜಿ ಗದಿಗೆವ್ವ ಒಂದು ಮಾತು ಹೇಳುತ್ತಿದ್ದಳು. ಮುಚ್ಚಂಜೆಯಲ್ಲಿ ಅಸ್ತು ದೇವತೆಗಳು ತಿರುಗುತ್ತಿರುತ್ತವೆ, ಯಾರ ಬಾಯಲ್ಲಿ ಏನು ಬಂದರೂ 'ಅಸ್ತು' ಅನ್ನುತ್ತವೆ, ಆದ್ದರಿಂದ ಆಗ ಕೆಟ್ಟದ್ದನ್ನು ನುಡಿಯಬಾರದು ಅಂತ. ನಾವು ಮೊಮ್ಮಕ್ಕಳು ಬೇಕೆಂದೇ ಆ ಹೊತ್ತಿಗೆ 'ನಾಳೆ ಸಾಲಿ ಬಿದ್ದು ಹೋಗಲಿ' ಎಂದು ಕೂಗಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆವು. ಶಾಲೆ ಒಂದು ದಿನವೂ ಬೀಳಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಹೊಳೆ ತುಂಬಿ ಬಂತು. ತೇಲಿ ಬರುವ ಕಟ್ಟಿಗೆ ಹಿಡಿಯಲು ಇಳಿದ ಲೋಹಿತ ಮೂರನೇ ದಿನ ಸಿಕ್ಕ. ಅಷ್ಟರಲ್ಲಿ ನಮ್ಮಿಬ್ಬರ ಜಗಳ ಮುಗಿದು ಒಂದು ವರ್ಷವಾಗಿತ್ತು, ಅವನೇ ಬಂದು ಹೆಗಲ ಮೇಲೆ ಕೈ ಹಾಕಿ ಮುಗಿಸಿದ್ದ. ಅವನನ್ನು ದಂಡೆಗೆ ತಂದು ಮಲಗಿಸಿದಾಗ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಶಾಲೆಯ ಹೊಸ ಕೋಣೆಯ ಗೋಡೆಯಲ್ಲಿ ಗೂಡು ಮಾಡಿ ಗಾರೆ ಬಳಿದು ಮುಚ್ಚಿದ ಆ ಡಬ್ಬಿಯೊಂದೇ ಕಣ್ಣ ಮುಂದೆ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಿಲ್ಲ.

ಇಪ್ಪತ್ತೈದು ವರ್ಷ ಅಂದರೆ ಹುಡುಗನಿಗೆ ಮುಗಿಯದ ಕಾಲ. ಅಷ್ಟರಲ್ಲಿ ಗೋಡೆ ಬೀಳಬಹುದು, ಗೆದ್ದಲು ತಿನ್ನಬಹುದು, ಎಲ್ಲರೂ ಮರೆಯಬಹುದು ಅಂದುಕೊಂಡಿದ್ದೆ. ಯಾವುದೂ ಆಗಲಿಲ್ಲ. ಹೋದ ಡಿಸೆಂಬರಿನಲ್ಲಿ, ಈಗ ಹಳೆಯದಾಗಿದ್ದ ಆ ಕೋಣೆ ಕೆಡವಿದರು, ಡಬ್ಬಿ ಸಿಕ್ಕಿತು. ನಮ್ಮ ತರಗತಿಯವಳೇ ಆದ ನಜಮಾ ಈಗ ಅದೇ ಶಾಲೆಯಲ್ಲಿ ಟೀಚರ್. ಜನವರಿ ಇಪ್ಪತ್ತಾರಕ್ಕೆ ಧ್ವಜಾರೋಹಣ ಮುಗಿದ ಮೇಲೆ ಎಲ್ಲರ ಮುಂದೆ ಲಕೋಟೆ ಒಡೆದು ಓದುವುದೆಂದು ಅವಳೇ ಗೊತ್ತುಮಾಡಿದಳು. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ ಮೂವತ್ತು ಜನರನ್ನೂ ಹುಡುಕಿ ಸೇರಿಸಿದಳು. ಗುಂಪಿನ ತುಂಬ ನಗುವೇ ನಗು. ನನಗೆ ಊಟ ಸೇರುತ್ತಿರಲಿಲ್ಲ.

ನಾನು ಮುಂಡರಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದೇನೆ. ಗೇಟು, ಕಿಟಕಿ ಗ್ರಿಲ್, ಟ್ರೇಲರ್ ರಿಪೇರಿ. ಲೋಹಿತನ ತಾಯಿ ಶಂಕ್ರೆವ್ವ ಪ್ರತಿ ಸಂತೆಗೂ ಕೊರ್ಲಹಳ್ಳಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಾಳೆ. ಮಾರಿ ಮುಗಿದ ಮೇಲೆ ನನ್ನ ಅಂಗಡಿಯ ಬಾಂಕಿನ ಮೇಲೆ ಕೂತು ನೀರು ಕುಡಿದು, ಎಲೆ ಹಾಕಿಕೊಂಡು, ಸಂಜೆಯ ಬಸ್ಸು ಹತ್ತುವುದು ಎಷ್ಟೋ ವರ್ಷದ ರೂಢಿ. ನಾನು ಅವಳನ್ನು ಚಿಗವ್ವ ಅನ್ನುತ್ತೇನೆ. ಡಬ್ಬಿಯ ಸುದ್ದಿ ಕೇಳಿದ ದಿನದಿಂದ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ.

"ಇನ್ನ ಎಷ್ಟ ದಿನ ಐತ್ಯೋ ತಮ್ಮಾ?"

"ಹತ್ತ ದಿನ ಚಿಗವ್ವ."

"ಅವನ ಪಾಟಿಚೀಲ, ಅಂಗಿ, ಎಲ್ಲಾ ಅವರಪ್ಪ ಹೊಳಿಗೆ ಬಿಟ್ಟುಬಿಟ್ಟ. ನೋಡಿದ್ರ ಸಂಕಟ ಆಕ್ಕೈತಿ ಅಂತ. ಸಾಲ್ಯಾಗ ತಗದ ಫೋಟೋದಾಗ ಕಣ್ಣ ಮುಚ್ಚ್ಯಾನ. ಅವಂದು ಅಂತ ನನ್ನ ಕಡೆ ಏನೂ ಇಲ್ಲ. ಇದೊಂದ ಉಳದೈತಿ ನೋಡು." ಆಮೇಲೆ ನನ್ನ ಮುಖ ನೋಡಿ ಕೇಳುತ್ತಿದ್ದಳು: "ನೀ ಬಾಜೂಕ ಕುಂತಿದ್ದೆಲ್ಲ? ಏನ ಬರದಾನ?"

"ನೆನಪಿಲ್ಲ ಚಿಗವ್ವ" ಎಂದು ಗ್ರೈಂಡರ್ ಶುರುಮಾಡುತ್ತಿದ್ದೆ. ಆ ಸಪ್ಪಳದಲ್ಲಿ ಯಾರೂ ಮಾತಾಡಲಾಗದು.

ಮಗ ಬಿಟ್ಟುಹೋದ ಮಾತಿಗಾಗಿ ಕಾದು ಕೂತ ತಾಯಿ, ನೂರಾರು ಜನರ ಎದುರು, ಧ್ವನಿವರ್ಧಕದಲ್ಲಿ, 'ನಾನು ಹೊಳೆಯ ಪಾಲಾಗಿರುತ್ತೇನೆ' ಎಂಬುದನ್ನು ಕೇಳಬೇಕು. ಅದರಲ್ಲಿನ ಅಕ್ಷರ ಯಾರದ್ದೆಂದು ಮಾಸ್ತರರು ಹೇಳಬೇಕು. ಅದನ್ನು ನೆನೆದರೆ ವೆಲ್ಡಿಂಗ್ ಕಡ್ಡಿ ಒಂದೇ ಕಡೆ ನಿಂತು ಗೇಟಿಗೆಲ್ಲ ಗಂಟು ಬೀಳುತ್ತಿತ್ತು.

ಮೊದಲೇ ಫೋನಿನಲ್ಲಿ ಹೇಳಿದ್ದಂತೆ, ಜನವರಿ ಇಪ್ಪತ್ನಾಲ್ಕರ ಮಧ್ಯಾಹ್ನ ನಜಮಾ ಸ್ಕೂಟಿಯ ಮುಂದೆ ಡಬ್ಬಿ ಇಟ್ಟುಕೊಂಡು ಬಂದಳು. ಮುಚ್ಚಳದ ಸುತ್ತ ಬೆಸುಗೆ, ಅದರ ಮೇಲೆ ತುಕ್ಕು.

"ವೀರೂ, ನೀನ ಇದನ್ನ ತಗದುಕೊಡಬೇಕು ನೋಡು. ಆವತ್ತ ಎಲ್ಲಾರ ಮುಂದ ಬಡಕೋತ ಕುಂಡ್ರಾಕ ಆಗೂದಿಲ್ಲ. ಗ್ರೈಂಡರ್ ಮಾತ್ರ ಹಚ್ಚಬ್ಯಾಡ. ಕಿಡಿ ಬಿತ್ತಂದ್ರ ಎಲ್ಲಾ ಬೂದಿ."

"ಇಟ್ಟ ಹೋಗು. ನಾಳೆ ಒಯ್ಯಿ."

ಅವಳು ಹೋದ ಮೇಲೆ ಶೆಟರ್ ಅರ್ಧ ಎಳೆದೆ. ಉಳಿ ಇಟ್ಟು ಬಡಿದು ಬೆಸುಗೆ ಬಿಡಿಸುವ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಒಳಗೆ ಲಕೋಟೆಗಳು ಹೊಸದಾಗಿಯೇ ಇದ್ದವು. ಗೆದ್ದಲಿನ ಮೇಲೆ, ತೇವದ ಮೇಲೆ, ಆಗ ಬೆಸುಗೆ ಹಾಕಿದ ನಮ್ಮೂರ ತಗಡಿನ ಕೆಲಸದ ಯೂಸುಫನ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಅಗತ್ಯ ಆ ಮನುಷ್ಯನಿಗೆ ಏನಿತ್ತು?

ಹದಿನೇಳನ್ನು ತೆಗೆದೆ. ಮೇಲೆ ಮಾಸ್ತರರ ಅಕ್ಷರದಲ್ಲಿ ಲೋಹಿತನ ಹೆಸರು. ಒಣಗಿದ ಅನ್ನದ ಅಂಟು ಉಗುರು ತಾಗಿದ ಕೂಡಲೇ ಬಿಟ್ಟಿತು. ಮಡಚಿದ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಗೆಳೆದು, ಮುಖ ಬೇರೆ ಕಡೆ ತಿರುಗಿಸಿದೆ. ಓದಲಿಲ್ಲ. ಓದಿದರೆ ಮತ್ತೊಮ್ಮೆ ನುಡಿದಂತೆ ಆಗುತ್ತದೆ ಅನಿಸಿತು. ಮೂವತ್ತೆಂಟು ವರ್ಷದವ, ಎರಡು ಮಕ್ಕಳ ತಂದೆ, ಕೈಯಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡವ, ಅಜ್ಜಿಯ ಅಸ್ತು ದೇವತೆಗೆ ಹೆದರಿ ಕಣ್ಣು ಮುಚ್ಚಿಕೊಂಡೆ. ಹಾಗೆಯೇ ಗ್ಯಾಸ್ ಕಟರ್ ಹಚ್ಚಿ ಉರಿ ಹಿಡಿದೆ. ಮೂರು ಸಾಲಿನ ಕಾಗದಕ್ಕೆ ದಪ್ಪ ಜಾಸ್ತಿ ಅನಿಸಿತು, ಸುಡಲು ಹೊತ್ತೂ ಜಾಸ್ತಿ ಹಿಡಿಯಿತು. ಹೆದರಿಕೆಯಲ್ಲಿ ಎಲ್ಲವೂ ಹಾಗೆ ಕಾಣುತ್ತದೆ ಅಂದುಕೊಂಡೆ. ಬೂದಿಯನ್ನು ಕಾಲಿನಿಂದ ಒರೆಸಿದೆ.

ಬದಲಿ ಕಾಗದ ಮೊದಲೇ ಸಿದ್ಧವಿತ್ತು. ಮನೆಯ ಅಟ್ಟದ ಮೇಲಿದ್ದ ನನ್ನ ಏಳನೇ ತರಗತಿಯ ನೋಟ್‌ಬುಕ್ಕಿನಿಂದ ಖಾಲಿ ಹಾಳೆ ಹರಿದು, ಶಾಯಿ ಪೆನ್ನು ಕೊಂಡು, ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಉಳಿಸಿದ್ದೆ. ಅದನ್ನು ಲಕೋಟೆಗೆ ಹಾಕಿ ಮನೆಯಿಂದ ತಂದ ಅನ್ನದಿಂದ ಅಂಟಿಸಿದೆ. ಆ ದಿನ ಬಹಳ ಕಾಲದ ಮೇಲೆ ಹೊಟ್ಟೆ ತುಂಬ ಉಂಡೆ.

ಇಪ್ಪತ್ತಾರರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಮಗಳ ಮನೆಯಲ್ಲಿರುವ ಚನ್ನಬಸವಣ್ಣ ಮಾಸ್ತರರನ್ನು ಕಾರಿನಲ್ಲಿ ಕರೆತಂದಿದ್ದರು. ಎಂಬತ್ತು ದಾಟಿದೆ, ಕೈಯಲ್ಲಿ ಕೋಲು, ದನಿ ಮಾತ್ರ ಹಾಗೇ ಇದೆ. ನಾವು ಏಳನೆಯದು ಮುಗಿಸಿದ ಬೇಸಿಗೆಯಲ್ಲೇ ಅವರಿಗೆ ಶಿರಹಟ್ಟಿ ಕಡೆ ವರ್ಗವಾಗಿತ್ತು. ಆಮೇಲೆ ನಾನು ಅವರನ್ನು ಕಂಡದ್ದು ಅಂದೇ. ಶಂಕ್ರೆವ್ವ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು.

ನಜಮಾ ಒಂದೊಂದೇ ಓದಿದಳು. ಗದಗಿಗೆ ಐದು ನಿಮಿಷದಲ್ಲಿ ಹಾರುವ ಬಸ್ಸು. ಒಂದು ಗುಳಿಗೆ ನುಂಗಿದರೆ ಮೂರು ಹೊತ್ತಿನ ಊಟ. ಹತ್ತಿ ಬಿಡಿಸುವ ಉಕ್ಕಿನ ಆಳು. ಲಕ್ಷ್ಮೇಶ್ವರಕ್ಕೆ ರೈಲು. ಅವಳೇ ಚಂದ್ರನ ಮೇಲಿನ ಶಾಲೆಗೆ ಟೀಚರ್ ಆಗುತ್ತೇನೆಂದು ಬರೆದಿದ್ದಳು, ಅದನ್ನು ಓದಿ ತಾನೇ ನಕ್ಕಳು. ಯಂತ್ರವೇ ರೊಟ್ಟಿ ಮಾಡುತ್ತದೆಂದು ಬರೆದವನಿಗೆ ಮಾತ್ರ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ಅಂಥ ಯಂತ್ರ ಈಗ ಗದಗಿನಲ್ಲಿ ಎಷ್ಟೋ ಇವೆ. ಕಪ್ಪತಗುಡ್ಡದ ಮೇಲೆ ಸಾಲು ಸಾಲು ದೈತ್ಯ ಫ್ಯಾನುಗಳು ತಿರುಗುತ್ತವೆಂದು ನಮ್ಮಲ್ಲಿ ಒಬ್ಬನೂ ಬರೆದಿರಲಿಲ್ಲ. ಎಲ್ಲರ ಕಿಸೆಯಲ್ಲೂ ಒಂದು ಫೋನ್ ಇರುತ್ತದೆಂದೂ ಯಾರಿಗೂ ಹೊಳೆದಿರಲಿಲ್ಲ. ನನ್ನ ಕಲೆಕ್ಟರ್ ಜೀಪಿಗೆ ಎಲ್ಲರಿಗಿಂತ ಜೋರು ನಗು ಬಂತು. ನಾನೂ ನಕ್ಕೆ.

"ಹದಿನೇಳು. ಲೋಹಿತ."

ನಜಮಾ ನನ್ನ ಕಾಗದ ಓದಿದಳು: "ನಾನು ದೊಡ್ಡ ಬಸ್ಸಿನ ಡ್ರೈವರ್ ಆಗಿರುತ್ತೇನೆ. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಎಲ್ಲ ಊರು ತೋರಿಸುತ್ತೇನೆ. ಆಗ ಅವ್ವ ಟಿಕೀಟು ತೆಗೆಸಬೇಕಾಗಿಲ್ಲ."

ಯಾರೋ ಹಿಂದಿನಿಂದ "ಏ, ಹೆಂಗಸರಿಗೆ ಬಸ್ ಫ್ರೀ ಆಕ್ಕೈತಿ ಅಂತ ಆಗ ಹೇಳಿದ್ನಲ್ಲೋ!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತುವ ಶಂಕ್ರೆವ್ವನನ್ನು ವಾರ ವಾರ ನೋಡಿ ನೋಡಿ ನನ್ನ ಕೈ ಅದನ್ನು ತಾನಾಗಿ ಬರೆದಿತ್ತು. ಆಕೆ ಅಳುತ್ತಲೇ ನಗುತ್ತಿದ್ದಳು. "ನನ್ನ ಮಗಗ ಎಲ್ಲಾ ಗೊತ್ತಿತ್ತು ನೋಡ್ರಿ" ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಪಾರಾದೆ ಎಂದುಕೊಂಡು ಗೋಡೆಗೆ ಒರಗಿದೆ.

ಆಗ ಮಾಸ್ತರರು ಎದ್ದು ನಿಂತು ಧ್ವನಿವರ್ಧಕ ಇಸಿದುಕೊಂಡರು.

"ಇದರ ಬಗ್ಗೆ ಒಂದ ಮಾತ ಹೇಳಬೇಕ್ರಿ. ಆವತ್ತ ಲೋಹಿತ ಬಂದಿರಲಿಲ್ಲ. ಅವನ ಪರವಾಗಿ ಇನ್ನೊಬ್ಬ ಹುಡುಗನ ಕೈಲೆ ಬರಸಿದ್ದೆ. ಬರೀವಾಗ ಆ ಹುಡುಗನ ಮಾರಿ ನೋಡಿದೆ, ಸಿಟ್ಟ ಕಂಡಿತು. ಓದೂದಿಲ್ಲ ಅಂತ ಮಾತ ಕೊಟ್ಟಿದ್ದೆ, ಆದ್ರೂ ಅದೊಂದನ್ನ ತಗದು ಓದಿದೆ. ಓದಿ ಅವತ್ತ ಹರದು ಒಲಿಗೆ ಹಾಕಿದೆ. ಜ್ವರ ಬಿಟ್ಟ ಮ್ಯಾಲ ಲೋಹಿತನ್ನ ಮನಿಗೆ ಕರಸಿ, ನಿಂದು ನೀನ ಬರಿಯಪಾ ಅಂದೆ. ಎರಡ ತಾಸ ಕುಂತು ಎರಡ ಹಾಳಿ ಬರದ, ಈಗ ನಜಮಾ ಓದಿದ್ದು ಅದರಾಗಿನ ಮೊದಲಿನ ಮಾತ ಇರಬೇಕು. ಅದು ಬರೂತನಕ ಡಬ್ಬಿಗೆ ಬೆಸಿಗಿ ಹಾಕಸಲಿಲ್ಲ." ಅವರು ಮುಂದಿನ ಸಾಲಿನತ್ತ ತಿರುಗಿದರು. "ಶಂಕ್ರೆವ್ವಾ, ಅದು ನಿನ್ನ ಮಗನ ಸ್ವಂತ ಅಕ್ಷರ. ಕೈಯಾಗ ಹಿಡದು ನೋಡು."

ಎರಡು ಹಾಳೆ. ಅದಕ್ಕೇ ದಪ್ಪವಿತ್ತು. ಅದಕ್ಕೇ ಅಷ್ಟು ಹೊತ್ತು ಉರಿಯಿತು. ಇಪ್ಪತ್ತೈದು ವರ್ಷ ನಾನು ಹೆದರಿದ ಆ ಮೂರು ಸಾಲು ಡಬ್ಬಿಯೊಳಗೆ ಹೋಗಿರಲೇ ಇಲ್ಲ.

ನಜಮಾ ಕಾಗದವನ್ನು ಮೊದಲು ಮಾಸ್ತರರ ಕೈಗೆ ಕೊಟ್ಟಳು. ಅವರು ಚಾಳೀಸು ಹಾಕಿಕೊಂಡು ನೋಡಿದರು. ಒಂದೇ ಹಾಳೆ, ದುಂಡನೆಯ ಅಕ್ಷರ. ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ತಲೆ ಎತ್ತಿ ಇಷ್ಟು ಜನರ ನಡುವೆ ನನ್ನನ್ನು ಹುಡುಕಿದರು. ನಾನು ತಲೆ ತಗ್ಗಿಸಿದೆ. ಅವರು ಹಾಳೆಯನ್ನು ಶಂಕ್ರೆವ್ವನಿಗೆ ಕೊಟ್ಟು ಕೂತುಬಿಟ್ಟರು.

ಸಭೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅವರ ಕಾಲು ಹಿಡಿದೆ.

"ಏನ ಮಾಡಿದಿ?"

"ಸುಟ್ಟೆರಿ. ನಂದ ಅಂತ ತಿಳದು ಸುಟ್ಟೆ. ಅದರಾಗ ಏನಿತ್ರಿ ಸರ್?"

ಅವರು ಬಹಳ ಹೊತ್ತು ಕೋಲಿನ ತುದಿಯಿಂದ ನೆಲ ಗೀರಿದರು. "ನಾ ಮ್ಯಾಲ ಮ್ಯಾಲ ನೋಡಿದ್ದೆಪಾ. ಕೋಳಿ ಕಾಲಿನಂಥ ಅಕ್ಷರ. ಅವ್ವನ ಸುದ್ದಿ ಇತ್ತು. ಮತ್ತ ನಿನ್ನ ಹೆಸರ ಇತ್ತು. ಅರ್ಧ ಹಾಳಿ ನಿನ್ನ ಸುದ್ದಿನ ಇತ್ತು."

"ನನ್ನ ಸುದ್ದಿ ಏನಂತರಿ?"

"ಇಪ್ಪತ್ತೈದ ವರ್ಷ ಆತಲ್ಲೋ ವೀರು. ನೆನಪ ಇಲ್ಲ."

ಶಂಕ್ರೆವ್ವ ಅಂಗಳದ ಕಟ್ಟೆಯ ಮೇಲೆ ಕೂತು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ನನ್ನನ್ನು ಕಂಡವಳೇ ಕರೆದಳು. "ಬಾ ಇಲ್ಲೆ. ಇದರಾಗ 'ಅವ್ವ' ಅಂತ ಎಲ್ಲಿ ಬರದಾನ ತೋರ್ಸು. ಅದೊಂದನ್ನ ಗುರ್ತ ಇಟ್ಗೋತೀನಿ."

ಅಲ್ಲಿ ಬೆರಳಿಟ್ಟು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಬೆರಳು ಹಾಳೆಯ ಹತ್ತಿರದವರೆಗೂ ಹೋಯಿತು. ಅವಳ ಬೆರಳು ನನ್ನದರ ಪಕ್ಕದಲ್ಲೇ ಕಾಯುತ್ತಿತ್ತು.

"ಚಿಗವ್ವ, ಇದು ಅವ ಬರದದ್ದಲ್ಲ. ನಾ ಬರದದ್ದು."

ಎಲ್ಲವನ್ನೂ ಹೇಳಿದೆ. ಮೂರು ಸಾಲು, ಮುಚ್ಚಂಜೆ, ಗ್ಯಾಸ್ ಕಟರ್, ಆ ಎರಡು ಹಾಳೆಯಲ್ಲಿ ಯಾರ ಸುದ್ದಿ ಇತ್ತೆಂದು ಮಾಸ್ತರರು ಹೇಳಿದ್ದು. ಅವಳು ಬಯ್ಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ನನ್ನ ಶಾಪದ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಒಂದೇ.

"ಓದದ ಸುಟ್ಟಿ?"

"ಹೌದು ಚಿಗವ್ವ."

"ಒಂದ ಸಲರ ಓದಬೇಕಿಲ್ಲೋ ಹುಚ್ಚಾ" ಎಂದಳು. ಹಾಳೆ ಮಡಚಿ ಎಲೆ-ಅಡಿಕೆ ಚೀಲದಲ್ಲಿಟ್ಟು, ಸೆರಗು ಹೊದ್ದು ಎದ್ದು ಹೋದಳು.

ಮೂರು ಸಂತೆ ಅವಳು ಅಂಗಡಿಗೆ ಬರಲಿಲ್ಲ. ದೂರದಿಂದ ಸೊಪ್ಪಿನ ಬುಟ್ಟಿ ಕಾಣುತ್ತಿತ್ತು, ಹತ್ತಿರ ಹೋಗುವ ಧೈರ್ಯ ನನಗಿರಲಿಲ್ಲ. ಬಾಂಕಿನ ಮೇಲೆ ಬೇರೆ ಯಾರಾದರೂ ಕೂತರೆ ಸಿಟ್ಟು ಬರುತ್ತಿತ್ತು. ಕೆಲಸವಿಲ್ಲದಾಗ ಆ ಬೂದಿ ಒರೆಸಿದ ಜಾಗವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಒಂದು ಅಕ್ಷರವಾದರೂ ಕಣ್ಣಿಗೆ ಬಿದ್ದಿದ್ದರೆ, ಒಂದೇ ಒಂದು, ಎಂದು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡೆ.

ನಾಲ್ಕನೆಯ ಸಂತೆಯ ದಿನ ಹೊತ್ತು ಇಳಿದ ಮೇಲೆ ಬಂದಳು. ಖಾಲಿ ಬುಟ್ಟಿ ಕೆಳಗಿಟ್ಟು ಬಾಂಕಿನ ಮೇಲೆ ಕೂತಳು. ನಾನು ನೀರು ತಂದುಕೊಟ್ಟೆ. ಕುಡಿದು ಚೊಂಬು ಪಕ್ಕಕ್ಕಿಟ್ಟು ಚೀಲದಿಂದ ಆ ಹಾಳೆ ತೆಗೆದು ನನ್ನ ಕೈಗೆ ಕೊಟ್ಟಳು.

"ಇದ ನನಗ ಬ್ಯಾಡ. ಬಸ್ಸಿನ ಡ್ರೈವರ್ ಅಂತ! ಅವಗ ಬಸ್ಸಿನ ಹೊಗಿ ಮೂಗಿಗೆ ಬಡದ್ರ ವಾಂತಿ ಆಗ್ತಿತ್ತು. ನಿನಗ ಅದೂ ನೆನಪಿಲ್ಲೇನ?"

ನಿಜ. ಗದಗಿಗೆ ಹೋದಾಗಲೆಲ್ಲ ಅವನು ಕಿಟಕಿಯ ಹೊರಗೆ ತಲೆ ಹಾಕಿಯೇ ಕೂತಿರುತ್ತಿದ್ದ. ನನಗೆ ಅದು ಮರೆತೇ ಹೋಗಿತ್ತು.

"ಕುಂಡ್ರು" ಎಂದಳು. ಕೂತೆ. "ಎರಡ ಹಾಳಿ ಬರದಿದ್ನಂತ. ಒಂದರಾಗ ನಾ ಅದೀನಿ, ಒಂದರಾಗ ನೀ ಅದೀ. ಏನ ಬರದಿರಬೇಕು, ವಿಚಾರ ಮಾಡಿ ಹೇಳು. ಅವನ ಮನಸ್ಸ ನಿನಗ ಗೊತ್ತಿತ್ತು."

ಮಾಸ್ತರರು ಅವನ ಲಕೋಟೆ ಕೊಡುವಾಗ ಹೇಳಿದ ಮಾತೂ ಇದೇ.

"ತಪ್ಪ ಹೇಳಿದ್ರ ಚಿಗವ್ವ?"

"ತಪ್ಪಾದ್ರ ನಾ ಅಲ್ಲ ಅಂತೀನಿ. ಮುಂದಿನ ಸಂತಿಗೆ ಮತ್ತ ಹೇಳೀಯಂತ."

ಎದುರಿನ ಕಿರಾಣಿ ಅಂಗಡಿಯವ ದೇವರ ಫೋಟೋದ ಮುಂದೆ ದೀಪ ಹಚ್ಚುತ್ತಿದ್ದ. ಬಾಯಿ ತೆರೆದವನು ಆ ದೀಪ ನೋಡಿ ತಡೆದೆ. ಅವಳೂ ಅತ್ತ ನೋಡಿದಳು, ನಾನು ಯಾಕೆ ತಡೆದೆ ಎಂಬುದು ಅವಳಿಗೆ ತಿಳಿಯಿತು.

"ಹೌದು, ಮುಚ್ಚಂಜಿ ಆಗೇತಿ" ಎಂದಳು. "ಅದಕ್ಕ ಚಲೋತಂಗ ನೆನಸಿ ಹೇಳು."

ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ನಾನು ಲೋಹಿತನ ಮುಖ ನೆನೆಯಲು ಹೊರಟೆ. ಫೋಟೋದಲ್ಲಿ ಕಣ್ಣು ಮುಚ್ಚಿದ್ದಲ್ಲ, ಜ್ವರ ಬಿಟ್ಟು ಎದ್ದು ಮಾಸ್ತರರ ಮನೆಯ ಹೊಸ್ತಿಲ ಬಳಿ ಪೆನ್ನು ಹಿಡಿದು ಕೂತದ್ದು. ನಾನು ಅವನೊಂದಿಗೆ ಮಾತು ಬಿಟ್ಟಿದ್ದ ದಿನಗಳವು. "ನಾನು ಲೋಹಿತ" ಎಂದು ಶುರುಮಾಡಿದೆ. ಶಂಕ್ರೆವ್ವ ಕಣ್ಣು ಮುಚ್ಚಿ ಕೇಳತೊಡಗಿದಳು.